ಸಮಾಜ ವಿಜ್ಞಾನದ ಮೇಷ್ಟ್ರು ರೂಪುಗೊಂಡ ದಾರಿ



ನಮ್ಮ ರಾಜ್ಯದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಎಂಬ ಒಂದೇ ಹೆಸರಿನಡಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂಬ ಆರು ವಿಭಾಗಗಳಿವೆ. ಪಾಠ ಮಾಡುವವರು ಮಾತ್ರ ಒಬ್ಬರೇ. ಅವರು ಪದವಿಯಲ್ಲಿ ಎಚ್.ಇ.ಪಿ. (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ಓದಿ ಬಂದಿದ್ದರೆ ಮೂರು ವಿಭಾಗಗಳ ಪರಿಚಯವಿರುತ್ತದೆ. ಮಾನ್ಸೂನ್ ಮಾರುತವನ್ನೋ ಅಕ್ಷಾಂಶ ರೇಖಾಂಶವನ್ನೋ ತಾವೇ ಮಕ್ಕಳಾಗಿದ್ದಾಗ ಓದಿದ್ದಷ್ಟೇ. ಈ ಕೊರತೆ ಇವತ್ತಿನದಲ್ಲ. ಶಿಕ್ಷಕರ ತರಬೇತಿಯ ಚರಿತ್ರೆಯುದ್ದಕ್ಕೂ ಅದು ಜೊತೆಗೇ ಬಂದಿದೆ.

ಶಿಕ್ಷಕರಿಗೆ ತರಬೇತಿ ಬೇಕೆಂದು ಸರ್ಕಾರದ ಮಟ್ಟದಲ್ಲಿ ಗಟ್ಟಿಯಾಗಿ ಹೇಳಿದ್ದು 1854ರ ವುಡ್ ವರದಿ. ಎರಡೇ ವರ್ಷಗಳಲ್ಲಿ, 1856ರಲ್ಲಿ, ಮದರಾಸಿನಲ್ಲಿ ಸರ್ಕಾರಿ ನಾರ್ಮಲ್ ಸ್ಕೂಲ್, ಅಂದರೆ ಶಿಕ್ಷಕರ ತರಬೇತಿ ಶಾಲೆ, ಶುರುವಾಯಿತು. ಮುಂದೆ ಸೈದಾಪೇಟೆಯ ಟೀಚರ್ಸ್ ಕಾಲೇಜಾಗಿ ಬೆಳೆದದ್ದು ಅದೇ. ಧಾರವಾಡದ ನಾರ್ಮಲ್ ಸ್ಕೂಲಿನಲ್ಲಿ ದುಡಿದ ಡೆಪ್ಯುಟಿ ಚನ್ನಬಸಪ್ಪನವರು ಮರಾಠಿಯ ಬಲ ಜೋರಾಗಿದ್ದ ಸೀಮೆಯಲ್ಲಿ ಕನ್ನಡ ಶಾಲೆಗಳಿಗೆ ನೆಲೆ ಕಟ್ಟಿಕೊಟ್ಟರು. ಆದರೆ ಇವೆಲ್ಲ ಹೆಚ್ಚಾಗಿ ಪ್ರಾಥಮಿಕ ಶಾಲೆಯ ಕಡೆಗೇ ನೋಡುತ್ತಿದ್ದವು. ಹೈಸ್ಕೂಲಿಗೆ ಪದವಿಯೇ ಸಾಕೆಂಬ ನಂಬಿಕೆ ಬಲವಾಗಿತ್ತು. ಬೋಧನೆಯ ತತ್ವ ಮತ್ತು ಅಭ್ಯಾಸದಲ್ಲಿ ಪರೀಕ್ಷೆ ಪಾಸಾದವರಿಗೇ ಪ್ರೌಢಶಾಲೆಯ ಕಾಯಂ ಹುದ್ದೆ ಸಿಗಲಿ ಎಂದು 1882ರ ಹಂಟರ್ ಆಯೋಗ ಹೇಳಬೇಕಾಯಿತು. ಆಮೇಲೆ ಪದವೀಧರ ಶಿಕ್ಷಕರ ತರಬೇತಿಗೆಂದು ಎಲ್.ಟಿ. ಬಂತು, ಬಿ.ಟಿ. ಬಂತು, ಬಿ.ಎಡ್. ಬಂತು.

ಇಲ್ಲಿ ಬಿ.ಎಲ್. ರೈಸ್ ಅವರನ್ನು ನೆನೆಯಲೇಬೇಕು. ಅವರು ಮೈಸೂರು ಸಂಸ್ಥಾನದ ಶಿಕ್ಷಣಾಧಿಕಾರಿ. ಶಾಲೆಗಳ ತನಿಖೆಗೆಂದು ಹಳ್ಳಿಹಳ್ಳಿ ಸುತ್ತುವಾಗ ಕಂಡ ಶಾಸನದ ಕಲ್ಲುಗಳನ್ನು ಅವರು ಬಿಟ್ಟುಬರಲಿಲ್ಲ. ಆ ಸುತ್ತಾಟದಿಂದಲೇ ಮುಂದೆ 'ಎಪಿಗ್ರಾಫಿಯ ಕರ್ನಾಟಿಕಾ'ದ 12 ಸಂಪುಟಗಳೂ ಸುಮಾರು 9000 ಶಾಸನಗಳ ಪಾಠವೂ ನಮಗೆ ದಕ್ಕಿದವು. ಅವರು ಇತಿಹಾಸದ ಅಧ್ಯಾಪಕರ ತರಬೇತಿಗೆಂದು ಇದನ್ನು ಮಾಡಲಿಲ್ಲ, ನಿಜ. ಆದರೂ ಊರ ಮುಂದಿನ ವೀರಗಲ್ಲಿನ ಬಳಿಗೆ ಹೋಗಿ ಓದುವ ಆ ಗುಣವೇ ನಮ್ಮ ತರಬೇತಿ ಕಾಲೇಜುಗಳಿಗೆ ಬೇಕಾಗಿದ್ದ ಪಾಠ. ಆದರೆ ಅವು ಹಿಡಿದದ್ದು ಜರ್ಮನ್ ಶಿಕ್ಷಣ ಚಿಂತಕ ಹರ್ಬಾರ್ಟನ ಅನುಯಾಯಿಗಳ ಐದು ಹಂತಗಳ ಪಾಠಯೋಜನೆಯನ್ನು.

ಸ್ವಾತಂತ್ರ್ಯದ ನಂತರ 1952-53ರ ಮೊದಲಿಯಾರ್ ಆಯೋಗ ಇತಿಹಾಸ, ಭೂಗೋಳ, ಪೌರನೀತಿ, ಅರ್ಥಶಾಸ್ತ್ರಗಳನ್ನು ಒಂದಾಗಿ ಕಲಿಸಬೇಕೆಂದಿತು. ಹೊಸ ಗಣರಾಜ್ಯದ ಪ್ರಜೆಯನ್ನು ರೂಪಿಸುವ ದೊಡ್ಡ ಕನಸು ಅದು. ಒಂದಾಗಿ ಕಲಿಸುವವರನ್ನು ತಯಾರು ಮಾಡುವ ಕೆಲಸ ಮಾತ್ರ ಹಿಂದೆಯೇ ಉಳಿಯಿತು. ವಿಶ್ವವಿದ್ಯಾಲಯದಲ್ಲಿ ಬಿಡಿಬಿಡಿಯಾಗಿ ಓದಿದವರು ಬಿ.ಎಡ್.ನ ಒಂದೇ ವರ್ಷದಲ್ಲಿ ಮನೋವಿಜ್ಞಾನ, ಬೋಧನಾ ಪದ್ಧತಿ, ಬೋಧನಾಭ್ಯಾಸ ಎಲ್ಲ ಮುಗಿಸಿ, ತಾವು ಓದದ ವಿಷಯಗಳನ್ನು ಹೇಗೋ ಹೊಂದಿಸಿಕೊಂಡರು.

ಒಂದು ಒಳ್ಳೆಯ ಪ್ರಯತ್ನ ನಮ್ಮ ಮೈಸೂರಿನಲ್ಲೇ ನಡೆಯಿತು. 1963ರಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಕಾಲೇಜು ಪದವಿ ಮತ್ತು ಬಿ.ಎಡ್. ಎರಡನ್ನೂ 4 ವರ್ಷದ ಒಂದೇ ಕೋರ್ಸಿನಲ್ಲಿ ಬೆಸೆಯಿತು. ವಿಷಯವನ್ನು ಓದುವಾಗಲೇ ಅದನ್ನು ಮಕ್ಕಳಿಗೆ ಹೇಗೆ ಮುಟ್ಟಿಸುವುದೆಂದು ಯೋಚಿಸುವ ಅವಕಾಶ ಅದು. ಎಲ್ಲೆಡೆ ಹಬ್ಬಬೇಕಿದ್ದ ಮಾದರಿ ಬಹುಕಾಲ ಕೆಲವೇ ಕಡೆ ನಿಂತುಬಿಟ್ಟಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಈಗ ಮತ್ತೆ 4 ವರ್ಷದ ಸಂಯೋಜಿತ ಬಿ.ಎಡ್.ನತ್ತ ತಿರುಗಿದೆ. ಈ ನಡುವೆ 2015ರಿಂದ ಬಿ.ಎಡ್. 2 ವರ್ಷದ್ದಾಯಿತು, ಶಾಲೆಯಲ್ಲಿ 20 ವಾರ ಇರಬೇಕೆಂಬ ನಿಯಮ ಬಂತು. ನನ್ನ ಮಟ್ಟಿಗೆ ಇಷ್ಟು ವರ್ಷಗಳಲ್ಲಿ ಆದ ಅತ್ಯುತ್ತಮ ಬದಲಾವಣೆ ಇದು, ಆ ವಾರಗಳನ್ನು ರೆಕಾರ್ಡ್ ಬರೆಯುವುದರಲ್ಲೇ ಕಳೆಯದಿದ್ದರೆ.

ಈಗ ಬಿ.ಎಡ್. ಓದುತ್ತಿರುವ ಗೆಳೆಯರೇ, ನೇಮಕಾತಿ ಪರೀಕ್ಷೆಗೆ ಓದುವುದಂತೂ ಇದ್ದೇ ಇದೆ. ಅದರ ಜೊತೆಗೆ, ಪದವಿಯಲ್ಲಿ ನೀವು ಓದದ ವಿಷಯವನ್ನೇ ಮೊದಲು ಕೈಗೆತ್ತಿಕೊಳ್ಳಿ. ಭೂಗೋಳ ಓದದವರು ನಿಮ್ಮ ತಾಲ್ಲೂಕಿನ ನಕ್ಷೆಯನ್ನು ಕೈಯಾರೆ ಬರೆಯಿರಿ. ರಾಜ್ಯಶಾಸ್ತ್ರ ಓದದವರು ಗ್ರಾಮಸಭೆಯಲ್ಲಿ ಪೂರ್ತಿ ಕುಳಿತು ಬನ್ನಿ. ಇತಿಹಾಸ ಓದದವರು ರೈಸ್ ಅವರ ಸಂಪುಟದಲ್ಲಿ ನಿಮ್ಮೂರ ಶಾಸನ ಹುಡುಕಿ, ಆ ಕಲ್ಲು ಇನ್ನೂ ಅಲ್ಲಿದೆಯೇ ನೋಡಿ ಬನ್ನಿ.