ಕುದುರೆಯ ನೆಗೆತಕ್ಕೆ ಮನೆಯ ಬೇಲಿ

ಕುದುರೆಯೆಂದರೆ ಪಂದ್ಯ, ಪಂದ್ಯವೆಂದರೆ ಜೂಜು ಎಂದು ನಮ್ಮ ನಗರಗಳಲ್ಲಿ ಬಹುಜನರು ಬಹುಕಾಲ ತಿಳಿದಿದ್ದರು. ಬೆಂಗಳೂರಿನ ಫೌವಾದ್ ಮಿರ್ಜಾ ಅವರು 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿಯ ಪದಕಗಳನ್ನು ಪಡೆದು, 2021ರಲ್ಲಿ ಟೋಕಿಯೋ ಒಲಿಂಪಿಕ್ ಕ್ರೀಡೆಗಳಲ್ಲಿ ಸವಾರಿ ಮಾಡಿಬಂದ ಮೇಲೆ, ಕುದುರೆಯನ್ನು ಬೇಲಿ ಹಾರಿಸುವುದೂ ಒಂದು ವಿದ್ಯೆಯೆಂಬ ಅರಿವು ಕೆಲವರಿಗಾದರೂ ಉಂಟಾಗಿದೆ. ಸವಾರಿ ಕಲಿಯುವ ಮಕ್ಕಳಿದ್ದಾರೆ. ಊರ ಹೊರಗೆ ಒಂದೆರಡು ಎಕರೆ ನೆಲವನ್ನು ಮಾಡಿಕೊಂಡು, ಲಾಯ ಕಟ್ಟಿಸಿ, ಪಂದ್ಯದಿಂದ ನಿವೃತ್ತವಾದ ಕುದುರೆಯೊಂದನ್ನು ತಂದು ಸಾಕುವವರೂ ಇದ್ದಾರೆ. ಇಂಥವರು ಸಿದ್ಧವಾದ ನೆಗೆತದ ಬೇಲಿಗಳನ್ನು ಕೊಳ್ಳಹೋದರೆ, ಬೆಲೆಯನ್ನು ಕೇಳಿದ ಮಾತ್ರಕ್ಕೆ ಹಿಂದಿರುಗಿ ಬರಬೇಕಾಗುತ್ತದೆ. ಇವುಗಳನ್ನು ಮನೆಯಲ್ಲಿಯೇ, ಅಲ್ಪ ವೆಚ್ಚದಲ್ಲಿ, ಊರಿನ ಬಡಗಿ ಕಮ್ಮಾರರ ಸಹಾಯದಿಂದ ಮಾಡಿಕೊಳ್ಳಬಹುದೆಂಬುದನ್ನೂ, ಯಾವ ಒಂದು ಭಾಗದಲ್ಲಿ ಮಾತ್ರ ಜಿಪುಣತನ ಸಲ್ಲದೆಂಬುದನ್ನೂ ಈ ಹೊತ್ತು ನಾವು ವಿವರಿಸಬೇಕೆಂದಿದ್ದೇವೆ.

ಮೊದಲು ವಸ್ತುವಿನ ಸ್ವಭಾವವನ್ನು ತಿಳಿಯೋಣ. ತೋಟಕ್ಕೆ ಹಾಕುವ ಬೇಲಿ ಭದ್ರವಾಗಿ ನಿಂತಷ್ಟೂ ಒಳ್ಳೆಯದು. ನೆಗೆತದ ಬೇಲಿಯಾದರೋ ಕುದುರೆಯ ಕಾಲು ತಗುಲಿದ ಒಡನೆಯೇ ಬೀಳಬೇಕು. ಅದು ಏಕೆಂದರೆ, ಬೆಳೆದ ಕುದುರೆಯ ತೂಕ ನಾನೂರೈವತ್ತು, ಐನೂರು ಕಿಲೋಗ್ರಾಂಗಳಷ್ಟಿರುತ್ತದೆ. ನೆಗೆತದ ಸ್ಪರ್ಧೆಗಳಲ್ಲಿ ಸಾಮಾನ್ಯವಾದ ವೇಗ ನಿಮಿಷಕ್ಕೆ 350 ಮೀಟರು, ಎಂದರೆ ಕ್ಷಣಕ್ಷಣಕ್ಕೂ ಹತ್ತೊಂಬತ್ತು ಅಡಿಗಳಷ್ಟು. ಅಷ್ಟು ಭಾರ ಅಷ್ಟು ವೇಗದಿಂದ ಬರುವಾಗ ಮುಂಗಾಲಿನ ಮೇಲ್ಭಾಗ ಅಲುಗದ ತೊಲೆಗೆ ಸಿಕ್ಕಿತೆನ್ನಿ. ಮುಂಭಾಗ ಅಲ್ಲಿಯೇ ನಿಲ್ಲುತ್ತದೆ, ಹಿಂಭಾಗ ಮೇಲೆದ್ದು ಮುಂದಕ್ಕೆ ಉರುಳುತ್ತದೆ, ಸವಾರನು ಕೆಳಗೆ, ಕುದುರೆ ಅವನ ಮೇಲೆ. ಬಯಲು ಸವಾರಿಯ ಸ್ಪರ್ಧೆಗಳಲ್ಲಿ ಬೇಲಿಗಳು ಹಿಂದಿನಿಂದಲೂ ನೆಲಕ್ಕೆ ನೆಟ್ಟ ದಿಮ್ಮಿಗಳೇ. 1999ನೆಯ ವರ್ಷವೊಂದರಲ್ಲಿಯೇ ಬ್ರಿಟನ್ನಿನಲ್ಲಿ ಐದು ಮಂದಿ ಸವಾರರು ಆ ಸ್ಪರ್ಧೆಗಳಲ್ಲಿ ಪ್ರಾಣವನ್ನು ಕಳೆದುಕೊಂಡರು. ಆ ಬಳಿಕವೇ ಅಲ್ಲಿಯವರು ಪೆಟ್ಟು ಬಿದ್ದರೆ ಮುರಿಯುವಂಥ ಕೀಲುಗಳ ಮೇಲೆ ತೊಲೆಗಳನ್ನು ನಿಲ್ಲಿಸುವ ಉಪಾಯವನ್ನು ಬಳಕೆಗೆ ತಂದರು. ಜಗತ್ತಿನ ಅತ್ಯುತ್ತಮ ಸವಾರರಿಗೇ ಇದು ಅವಶ್ಯವಾದ ಮೇಲೆ, ಮನೆಯ ಅಂಗಳದಲ್ಲಿ ಕಲಿಯುವ ಹುಡುಗನಿಗೆ ಎಷ್ಟು ಅವಶ್ಯವೆಂದು ಬೇರೆ ಹೇಳಬೇಕಾಗಿಲ್ಲ.

“ಗಟ್ಟಿಯಾದ ಬೇಲಿಗೆ ಒಂದು ಸಲ ಕಾಲು ಬಡಿದರೆ ಕುದುರೆ ಬುದ್ಧಿ ಕಲಿಯುತ್ತದೆ” ಎಂದು ಹೇಳುವ ಹಳೆಯ ಕೈಗಳು ಈಗಲೂ ಉಂಟು. ಈ ವಾದಕ್ಕೆ ನಾವು ಒಪ್ಪುವುದಿಲ್ಲ. ಬಡಿಸಿಕೊಂಡ ಕುದುರೆ ಕಲಿಯುವುದು ಬೇಲಿಯನ್ನು ಕಂಡರೆ ನಿಲ್ಲುವುದನ್ನು ಮಾತ್ರ. ತಕ್ಕಷ್ಟು ತೂಕವಿದ್ದು, ತಗುಲಿದರೆ ಸದ್ದುಮಾಡಿ ಉರುಳುವ ಮರವೇ ಅದಕ್ಕೆ ಸಾಕಾದ ಪಾಠ.

ಇನ್ನು ಸಾಮಗ್ರಿಯ ವಿಚಾರ. ಅಡ್ಡಮರದ ರೂಢಿಯ ಉದ್ದ ಹನ್ನೆರಡು ಅಡಿ. ಸ್ಥಳ ಕಿರಿದಾದರೆ ಹತ್ತು ಅಡಿಯೂ ಆಗಬಹುದು. ಪಶ್ಚಿಮ ದೇಶಗಳಲ್ಲಿ ಹಗುರವಾದ ಪೈನ್ ಮರವನ್ನು ನಾಲ್ಕು ಅಂಗುಲ ದಪ್ಪಕ್ಕೆ ಉರುಟುಮಾಡಿ ಉಪಯೋಗಿಸುತ್ತಾರೆ. ನಮಗೆ ಅದರ ಗೋಜು ಬೇಡ. ಕಟ್ಟಡಗಳಿಗೆ ಸಾರುವೆ ಕಟ್ಟುವ ಸರ್ವೆ ಮರ ನಮ್ಮ ಊರುಗಳ ಮರದ ಡಿಪೋಗಳಲ್ಲಿ ಧಾರಾಳವಾಗಿ ದೊರೆಯುತ್ತದೆ. ಸ್ವಭಾವತಃ ನೆಟ್ಟಗೆ ಬೆಳೆಯುವುದರಿಂದ ಕಡೆಯಿಸುವ ಕೂಲಿಯೂ ಉಳಿಯುತ್ತದೆ. ಅದು ಬಹಳ ಭಾರವಾದ ಮರವಾದ್ದರಿಂದ ಮೂರು ಅಂಗುಲದ ದಪ್ಪ ಸಾಕು. ಹನ್ನೆರಡಡಿಯ ಮರ ಆಗ ಸುಮಾರು ಹದಿನೈದು ಕಿಲೋಗ್ರಾಂ ತೂಗುತ್ತದೆ. ತೊಗಟೆಯನ್ನು ಪೂರ್ತಿಯಾಗಿ ತೆಗೆಯಿಸಿ, ಗಂಟುಗಳನ್ನು ಉಜ್ಜುಗೊರಡಿನಿಂದ ಸಮಮಾಡಿಸಿ, ಮೊಳೆಯೊಂದೂ ಉಳಿಯದಂತೆ ಕೈಯಾಡಿಸಿ ನೋಡತಕ್ಕದ್ದು. ನೀಲಗಿರಿಯ ಮರವೂ ಆಗುತ್ತದೆ, ಆದರೆ ಒಣಗುವಾಗ ಸೀಳುವ ಚಾಳಿ ಅದಕ್ಕೆ ಉಂಟು.

ಬಿದಿರು ಎಲ್ಲಕ್ಕಿಂತ ಅಗ್ಗ, ಆದರೂ ಬೇಡ. ತುಳಿತಕ್ಕೆ ಸಿಕ್ಕಿದ ಬಿದಿರು ಉದ್ದಕ್ಕೂ ಸೀಳಿ ಈಟಿಯ ಮೊನೆಯಾಗುತ್ತದೆ. ನೀರಿನ ಪ್ಲಾಸ್ಟಿಕ್ ಕೊಳವೆಯೂ ಹಾಗೆಯೇ. ಎರಡು ಬೇಸಿಗೆಯ ಬಿಸಿಲನ್ನು ಕುಡಿದ ಕೊಳವೆ ಗೊರಸಿನ ಕೆಳಗೆ ಗಾಜಿನಂತೆ ಚೂರಾಗುತ್ತದೆ. ಕಬ್ಬಿಣದ ಕೊಳವೆಯ ಮಾತನ್ನಂತೂ ಎತ್ತಲೇಬಾರದು.

ನಿಲುಗಂಬಗಳು ಎರಡು. ನಾಲ್ಕು ಅಂಗುಲದ ಚೌಕ ಕಂಬ, ಐದು ಅಡಿ ಎತ್ತರ. ಅಡಿಯಲ್ಲಿ ನಾಲ್ಕು ಪಕ್ಕಕ್ಕೂ ಎರಡೆರಡು ಅಡಿಯ ಪಾದಗಳನ್ನು ತಿರುಪು ಮೊಳೆಗಳಿಂದ ಬಿಗಿದು, ಅವುಗಳ ಮೇಲಂಚನ್ನು ಓರೆಯಾಗಿ ಕೊಯ್ಯಿಸಬೇಕು. ಕಂಬವನ್ನು ನೆಲದಲ್ಲಿ ಹೂಳತಕ್ಕದ್ದಲ್ಲ. ಕುದುರೆ ಮೈಯಿಂದ ತಳ್ಳಿದರೆ ಅದೂ ಮಗುಚಿಬೀಳಲಿ. ಕೆಳಗಿನಿಂದ ಒಂದು ಅಡಿ ಬಿಟ್ಟು, ಮೂರು ಮೂರು ಅಂಗುಲಕ್ಕೆ ಒಂದರಂತೆ ಬೈರಿಗೆಯಿಂದ ತೂತು ಕೊರೆಯಿಸಿದರೆ ಕಂಬದ ಕೆಲಸ ಮುಗಿಯಿತು.

ಈಗ ಬಟ್ಟಲಿಗೆ ಬರೋಣ. ಅಡ್ಡಮರ ಕುಳಿತುಕೊಳ್ಳುವ ಸಣ್ಣ ಲೋಹದ ಆಸರೆಗೆ ಇಂಗ್ಲಿಷಿನವರು ಕೊಟ್ಟ ಹೆಸರನ್ನೇ ನಾವು ಹೀಗೆ ಕನ್ನಡಿಸಿದ್ದೇವೆ. ನೋಡುವುದಕ್ಕೆ ಇದು ಅತ್ಯಲ್ಪವಾದ ಭಾಗ. ಬೇಲಿಯ ಗುಣವೆಲ್ಲ ಇದರಲ್ಲಿದೆ. ಮನೆಯಲ್ಲಿ ಬೇಲಿ ಮಾಡಿಕೊಳ್ಳುವವರು ಹಣವನ್ನು ಉಳಿಸಹೋಗುವುದೂ ಇಲ್ಲಿಯೇ. ಒಬ್ಬರು ಎರಡು ಉದ್ದ ಮೊಳೆಗಳನ್ನು ಹೊಡೆದು ಅವುಗಳ ಮೇಲೆ ಮರವನ್ನಿಡುತ್ತಾರೆ, ಇನ್ನೊಬ್ಬರು ಕವಲುಗೊಂಬೆಯನ್ನು ನೆಟ್ಟು ಅದರ ಸಂದಿಯಲ್ಲಿ ಸಿಕ್ಕಿಸುತ್ತಾರೆ, ಮತ್ತೊಬ್ಬರು ಹಗ್ಗದಿಂದ ಕಟ್ಟಿಯೇ ಬಿಡುತ್ತಾರೆ. ಮರ ಅಲುಗದಂತೆ ನಿಂತಿತೆಂದು ಅವರಿಗೆ ಸಮಾಧಾನ. ಅಲುಗದೆ ನಿಂತದ್ದೇ ಅಪಾಯ.

ಬಟ್ಟಲು ಆಳವಾಗಿರಬಾರದು. ಮರದ ದಪ್ಪದಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಒಳಕ್ಕೆ ಇಳಿಯದಿದ್ದರೆ, ಮರ ಗಾಳಿಗೆ ಬೀಳದು, ಗೊರಸು ತಗುಲಿದರೆ ಉರುಳದೆ ಇರದು. ಕಮ್ಮಾರನಿಗೆ ಎರಡು ಅಂಗುಲ ಅಗಲದ ಕಬ್ಬಿಣದ ಪಟ್ಟಿಯನ್ನು ಕೊಟ್ಟು, ಅದನ್ನು ಚಂದ್ರಕಲೆಯಂತೆ ಮೆಲ್ಲಗೆ ಬಾಗಿಸಿ ಒಂದು ತಗಡಿಗೆ ಬೆಸೆಯುವಂತೆ ಹೇಳಿದರೆ ಸಾಕು. ಅಂಚುಗಳನ್ನು ಅರದಿಂದ ಉಜ್ಜಿ ಬೆರಳು ಸವರಿದರೆ ನೋಯದಂತೆ ಮಾಡಿಸಬೇಕು. ಕಂಬದ ತೂತಿನೊಳಗೆ ಕೀಲನ್ನು ತೂರಿಸಿ ಇದನ್ನು ನಿಲ್ಲಿಸುವುದು. ಬಟ್ಟಲನ್ನು ಯಾವ ಮುಖಕ್ಕೆ ಹಾಕಬೇಕೆಂಬುದೂ ಮುಖ್ಯ. ಕುದುರೆ ಬರುವ ಪಕ್ಕಕ್ಕೆ ಹಾಕಿದರೆ, ಪೆಟ್ಟು ತಿಂದ ಮರ ಹಿಂದಿನ ಕಂಬಕ್ಕೆ ಒತ್ತಿಕೊಂಡು ನಿಂತುಬಿಡುತ್ತದೆ. ಆಗ ಅದು ಬೇಲಿಯಲ್ಲ, ಗೋಡೆ. ಆದುದರಿಂದ ಕುದುರೆ ಇಳಿಯುವ ಪಕ್ಕಕ್ಕೆ, ಇಲ್ಲವೇ ಎರಡು ಕಂಬಗಳ ನಡುವಣ ಒಳಮುಖಗಳಿಗೆ ಹಾಕತಕ್ಕದ್ದು. ಮರವಿಲ್ಲದ ಬರಿಯ ಬಟ್ಟಲನ್ನು ಕಂಬದ ಮೇಲೆ ಬಿಡಬಾರದು. ಜಾರಿದ ಕುದುರೆಯ ಹೊಟ್ಟೆಯನ್ನೂ ಬಿದ್ದ ಸವಾರನ ಮುಖವನ್ನೂ ಅದು ಸೀಳಬಲ್ಲದು. ಎರಡು ಮರಗಳನ್ನು ಹಿಂದುಮುಂದಾಗಿಟ್ಟು ಅಗಲದ ಬೇಲಿಯನ್ನು ಮಾಡುವುದಾದರೆ, ಹಿಂದಿನ ಜೊತೆ ಕಂಬಗಳಲ್ಲಿ ಒಂದೇ ಮರವಿರಬೇಕು. ಅದಕ್ಕೆ ಮಾತ್ರ, ಭಾರ ಬಿದ್ದರೆ ತಾನಾಗಿ ಕಳಚಿಕೊಳ್ಳುವ ಸುರಕ್ಷತೆಯ ಬಟ್ಟಲನ್ನು ಹಣ ತೆತ್ತೇ ತರಿಸಬೇಕು. ಕಮ್ಮಾರನ ಕೆಲಸ ಅಲ್ಲಿಗೆ ಸಾಲದು. ಮಿಕ್ಕೆಲ್ಲದರಲ್ಲಿ ಉಳಿಸಿದ ಹಣ ಇಲ್ಲಿ ಸಂದರೆ ಅದು ನಷ್ಟವಲ್ಲ.

ಬೇಲಿ ಎಷ್ಟು ಎತ್ತರವಿರಬೇಕು? ಹುಡುಗರ ಆತುರಕ್ಕೆ ಮಿತಿಯಿಲ್ಲ. ಇಟಲಿಯ ಅಶ್ವದಳದ ಫೆದೆರಿಕೊ ಕಾಪ್ರಿಲ್ಲಿ ಎಂಬಾತನು 1902ರಲ್ಲಿ ಟ್ಯೂರಿನ್ನಿನಲ್ಲಿ 2.08 ಮೀಟರು ಎತ್ತರವನ್ನು ಹಾರಿಸಿದ್ದನು. ಆದರೆ ಅವನ ಕೀರ್ತಿ ನಿಂತಿರುವುದು ಆ ಎತ್ತರದಿಂದಲ್ಲ. ಅಂದಿನವರೆಗೆ ಸವಾರರು ನೆಗೆತದಲ್ಲಿ ಹಿಂದಕ್ಕೆ ವಾಲಿ ಲಗಾಮನ್ನು ಜಗ್ಗುತ್ತಿದ್ದರು. ಮುಂದಕ್ಕೆ ಬಾಗಿ ಕುದುರೆಯ ಕತ್ತಿಗೂ ಬೆನ್ನಿಗೂ ಸ್ವಾತಂತ್ರ್ಯ ಕೊಡಬೇಕೆಂದು ಅವನು ತೋರಿಸಿಕೊಟ್ಟನು. ಆ ಅಭ್ಯಾಸಕ್ಕೆ ಬಳಸಿದವು ಮೊಣಕಾಲಿಗಿಂತ ಕೆಳಗಿನ ಸಣ್ಣ ಮರದ ಕುದುರೆಗಳು. ಎರಡು ಅಡಿಯ ಬೇಲಿ ಬೆಳೆದ ಕುದುರೆಗೆ ನೆಗೆತವೇ ಅಲ್ಲ, ಒಂದು ದೊಡ್ಡ ಹೆಜ್ಜೆ. ಸವಾರನು ಕಲಿಯಬೇಕಾದುದರಲ್ಲಿ ಬಹುಭಾಗ ಆ ಎರಡು ಅಡಿಯಲ್ಲಿಯೇ ಇದೆ. ಮೊದಲಿಗೆ ಎರಡು ಮರಗಳನ್ನು ಗುಣಾಕಾರದ ಚಿಹ್ನೆಯಂತೆ ಇಟ್ಟರೆ, ನಡುವಣ ತಗ್ಗು ಕುದುರೆಯನ್ನು ತಾನಾಗಿ ಮಧ್ಯಕ್ಕೆ ಕರೆದುಕೊಳ್ಳುತ್ತದೆ.

ಕುದುರೆಯ ಕಣ್ಣು ನಮ್ಮ ಕಣ್ಣಿನಂತಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಅದು ತಲೆಯ ಪಕ್ಕದಲ್ಲಿದೆ. ಹಣೆಯ ನೇರ ಮುಂದೆ ಸ್ವಲ್ಪ ಸ್ಥಳ ಅದಕ್ಕೆ ಕಾಣದು. ಎಲ್ಲಿಂದ ಹಾರಬೇಕೆಂಬ ಲೆಕ್ಕವನ್ನು ಅದು ದೂರದಿಂದಲೇ, ಬೇಲಿಯ ಬುಡವನ್ನು ನೋಡಿ ಮಾಡಿಕೊಳ್ಳುತ್ತದೆ. ಆದಕಾರಣ ಬೇಲಿಯ ಮುಂದೆ ಮುಕ್ಕಾಲು ಅಡಿ, ಒಂದು ಅಡಿ ದೂರದಲ್ಲಿ ನೆಲದ ಮೇಲೆ ಒಂದು ಮರವನ್ನು ಮಲಗಿಸಬೇಕು. ಅದನ್ನು ಬೇಲಿಯ ಹಿಂದೆ ಮಲಗಿಸಿದರೆ ಕುದುರೆ ಬುಡ ಅಲ್ಲಿದೆಯೆಂದು ಭ್ರಮಿಸಿ, ತೀರ ಹತ್ತಿರಕ್ಕೆ ಬಂದು ಕಾಲು ತಗುಲಿಸಿಕೊಳ್ಳುತ್ತದೆ. ಬಣ್ಣದ ಮಾತೂ ಇಷ್ಟೇ. ನಮಗೆ ಕಣ್ಣು ಕುಕ್ಕುವ ಕೆಂಪು, ಕಿತ್ತಳೆಗಳು ಕುದುರೆಗೆ ಹುಲ್ಲಿನಿಂದ ಬೇರೆಯಾಗಿ ತೋರುವುದಿಲ್ಲ. ಎಕ್ಸೆಟರ್ ವಿಶ್ವವಿದ್ಯಾನಿಲಯದವರು ಇದನ್ನು ಪರೀಕ್ಷಿಸಿ ತಿಳಿಸಿದ ಮೇಲೆ, ಬ್ರಿಟನ್ನಿನ ಬೇಲಿಪಂದ್ಯಗಳಲ್ಲಿ 2022ರಿಂದ ಕಿತ್ತಳೆಯನ್ನು ಬಿಟ್ಟು ಬಿಳಿಯ ಬಣ್ಣವನ್ನು ಬಳಿಯತೊಡಗಿದರು. ನಾವು ಬಿಳಿ, ಹಳದಿ, ನೀಲಿಗಳನ್ನು ಪಟ್ಟೆಪಟ್ಟೆಯಾಗಿ ಬಳಿದರೆ ಸರಿ.

ಬೇಲಿಗೆ ಕೆಳಗೆ ತುಂಬಿಸಲು ಎಣ್ಣೆಯ ಪೀಪಾಯಿಗಳನ್ನು ಮಲಗಿಸುವುದುಂಟು. ಇನ್ನೂರು ಲೀಟರಿನ ಪೀಪಾಯಿ ಮಲಗಿದರೆ ಎರಡು ಅಡಿಗೆ ಸ್ವಲ್ಪ ಕಡಮೆ ಎತ್ತರ. ನಾಲ್ಕನ್ನು ಸಾಲಾಗಿಟ್ಟರೆ ಹನ್ನೆರಡು ಅಡಿ ಹೆಚ್ಚು ಕಡಮೆ ತುಂಬುತ್ತದೆ. ಉರುಳದಂತೆ ಎರಡೂ ಪಕ್ಕಕ್ಕೆ ಮರಗಳನ್ನು ಒತ್ತರಿಸಬೇಕು. ಬಾಯಿ ಕೊಯ್ದ ಪೀಪಾಯಿ ಕೂಡದು, ಅದರ ಅಂಚು ಕತ್ತಿ. ಸಾಮಾನು ಸಾಗಿಸುವ ಮರದ ಹಲಗೆಯ ಚೌಕಟ್ಟುಗಳು ಪುಕ್ಕಟೆ ದೊರೆಯುತ್ತವೆಂದು ತರಬಾರದು; ಗೊರಸು ಅವುಗಳ ಸಂದಿಗೆ ಸಿಕ್ಕಿದರೆ ಕಾಲು ಮುರಿಯುವುದೇ ಸರಿ. ಹುಲ್ಲಿನ ಹೊರೆಗಳು ಮೆತ್ತಗೆ, ಅಗ್ಗ, ನಿರಪಾಯ. ಒಂದೇ ಕೊರತೆಯೆಂದರೆ, ಬಿಡುವು ಸಿಕ್ಕಿದರೆ ಕುದುರೆ ಬೇಲಿಯನ್ನೇ ತಿಂದುಬಿಡುತ್ತದೆ.

ದೂರಗಳ ಲೆಕ್ಕವನ್ನು ಸ್ವಲ್ಪದರಲ್ಲಿ ಹೇಳಿಬಿಡುತ್ತೇವೆ. ಟ್ರಾಟ್ ಎಂಬ ಕುಕ್ಕುಲೋಟಕ್ಕೆ ನೆಲದ ಮೇಲೆ ಸಾಲಾಗಿ ಇಡುವ ಮರಗಳ ನಡುವೆ ನಾಲ್ಕರಿಂದ ನಾಲ್ಕೂವರೆ ಅಡಿ. ಆ ಓಟದಿಂದಲೇ ಹಾರಿಸುವುದಾದರೆ ಬೇಲಿಯ ಮುಂದೆ ಸುಮಾರು ಎಂಟರಿಂದ ಒಂಬತ್ತು ಅಡಿಗೆ ಒಂದು ಮರ. ಕ್ಯಾಂಟರ್ ಓಟದಲ್ಲಿ ಕುದುರೆಯ ಒಂದು ಹೆಜ್ಜೆ ಸುಮಾರು ಹನ್ನೆರಡು ಅಡಿ. ಇಳಿಯುವುದಕ್ಕೆ ಆರು, ಏಳುವುದಕ್ಕೆ ಆರು. ಆದುದರಿಂದ ನಡುವೆ ಒಂದು ಹೆಜ್ಜೆ ಬರುವಂತೆ ಎರಡು ಬೇಲಿಗಳನ್ನಿಡಲು ಇಪ್ಪತ್ತನಾಲ್ಕು ಅಡಿ ಬೇಕು. ಮೂರು ಅಡಿಯ ಕಾಲಳತೆಯನ್ನು ಅಭ್ಯಾಸ ಮಾಡಿಕೊಂಡವನಿಗೆ ಅದು ಎಂಟು ಹೆಜ್ಜೆ. ಕುದುರೆ ಚಿಕ್ಕದಾದರೆ, ಬೇಲಿ ತಗ್ಗಾದರೆ, ದೂರವನ್ನೂ ಕಡಮೆಮಾಡಬೇಕು. ಪಂದ್ಯದ ಕುದುರೆಗಳಿಗೆ ಉದ್ದನೆಯ ಹೆಜ್ಜೆಯೂ ಓಡುವ ಆತುರವೂ ರೂಢಿಯಾಗಿರುವುದರಿಂದ, ಕೆಲವು ವಾರ ನೆಲದ ಮರಗಳ ಮೇಲೆಯೇ ನಡೆಯಿಸಿ ಸಮಾಧಾನ ಕಲಿಸುವುದು ಒಳ್ಳೆಯದು. ಒಂಟಿಯಾಗಿ ಹಾರಿಸುವ ಅಭ್ಯಾಸ ಬೇಡ. ಬಿದ್ದ ಮರವನ್ನೆತ್ತುವುದಕ್ಕೂ ಬಿದ್ದ ಸವಾರನನ್ನೆತ್ತುವುದಕ್ಕೂ ನೆಲದ ಮೇಲೆ ಒಬ್ಬರಿರಬೇಕು.

ಮಳೆಗಾಲ ಬಂದಾಗ ಮರಗಳನ್ನು ನೆಲಕ್ಕೆ ತಗುಲದಂತೆ ಇಟ್ಟಿಗೆಗಳ ಮೇಲೆ ಸೂರಿನಡಿಯಲ್ಲಿ ಸಾಲಾಗಿ ಮಲಗಿಸತಕ್ಕದ್ದು. ಇಲ್ಲವಾದರೆ ಗೆದ್ದಲಿನ ಪಾಲು. ಕೊಯ್ದ ತುದಿಗಳಿಗೆ ವರ್ಷಕ್ಕೊಮ್ಮೆ ಬಣ್ಣ ಬಳಿಯಿರಿ. ತೆಗೆದಿಡುವಾಗ ಪ್ರತಿಯೊಂದು ಮರವನ್ನೂ ಸೀಳು ಬಿಟ್ಟಿದೆಯೇ ಎಂದು ನೋಡಿ, ಬಿಟ್ಟದ್ದನ್ನು ಒಲೆಗೆ ಕಳುಹಿಸಿ. ಬಟ್ಟಲುಗಳನ್ನೂ ಕೀಲುಗಳನ್ನೂ ಎಣಿಸಿ, ಎಣ್ಣೆ ಸವರಿ, ಒಂದು ಡಬ್ಬದಲ್ಲಿ ಇಡಿ. ಲೆಕ್ಕಕ್ಕೆ ಒಂದು ಕೀಲು ಕಡಮೆಯಾದರೆ, ಅದು ಹುಲ್ಲಿನಲ್ಲಿ ಎಲ್ಲೋ ಬಿದ್ದಿದೆ. ಸಿಕ್ಕುವವರೆಗೆ ಕುದುರೆಯನ್ನು ಆ ಬಯಲಿಗೆ ಬಿಡಬೇಡಿ.