ಕಲ್ಲು ಸಿಕ್ಕ ಮೇಲೂ ಇಪ್ಪತ್ಮೂರು ವರ್ಷ



ಈಜಿಪ್ಟಿನ ದಕ್ಷಿಣದ ಅಂಚಿನಲ್ಲಿ, ನೈಲ್ ನದಿಯ ನಡುವೆ, ಫಿಲೇ ಎಂಬ ನಡುಗಡ್ಡೆಯಿತ್ತು. ಅಲ್ಲಿ ಐಸಿಸ್ ದೇವಿಯ ಗುಡಿ. ಕ್ರಿ.ಶ. 394ರ ಆಗಸ್ಟ್ 24ರಂದು ಪೂಜಾರಿಯೊಬ್ಬ ಅಲ್ಲಿನ ಗೋಡೆಯ ಮೇಲೆ ದೇವರೊಬ್ಬನ ಚಿತ್ರ ಕೆತ್ತಿ, ಪಕ್ಕದಲ್ಲಿ ಚಿತ್ರಲಿಪಿಯಲ್ಲಿ ನಾಲ್ಕು ಮಾತು ಬರೆದ. ಕಾಲ ಗೊತ್ತಿರುವ ಚಿತ್ರಲಿಪಿ ಬರಹಗಳಲ್ಲಿ ಅದೇ ಕಡೆಯದು. ಮೂರು ಸಾವಿರ ವರ್ಷಕ್ಕೂ ಮೀರಿ ನಡೆದುಬಂದ ಬರವಣಿಗೆ ಅಲ್ಲಿಗೆ ನಿಂತಿತು. ಗುಡಿಗಳಿದ್ದವು, ಗೋಡೆಯ ತುಂಬ ಬರಹವಿತ್ತು, ಓದುವವರು ಇಲ್ಲವಾದರು. ಹದಿನಾಲ್ಕು ನೂರು ವರ್ಷ ಹಾಗೇ ಕಳೆಯಿತು.

ಅದನ್ನು ಮತ್ತೆ ಓದಿದ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಒಂದೇ ವಾಕ್ಯದಲ್ಲಿ ಕಲಿತಿದ್ದೇವೆ: ರೊಸೆಟ್ಟಾ ಕಲ್ಲು ಸಿಕ್ಕಿತು, ಅದರಲ್ಲಿ ಗ್ರೀಕ್ ಇತ್ತು, ಹೋಲಿಸಿ ಓದಿದರು. ಕಲ್ಲು ಸಿಕ್ಕಿದ್ದು 1799ರಲ್ಲಿ, ಓದಿದ್ದು 1822ರಲ್ಲಿ. ನಡುವಿನ ಇಪ್ಪತ್ಮೂರು ವರ್ಷ ಯುರೋಪಿನ ಘಟಾನುಘಟಿ ವಿದ್ವಾಂಸರು ಅದರ ಪಡಿಯಚ್ಚನ್ನು ಮುಂದಿಟ್ಟುಕೊಂಡು ಕೂತಿದ್ದರು. ಹಾಗಾದರೆ ಕಲ್ಲಿನ ಜೊತೆಗೆ ಇನ್ನೇನೋ ಬೇಕಾಗಿತ್ತು. ಅದು ಕಾಪ್ಟಿಕ್ ಭಾಷೆ. ಇವತ್ತು ನಾನು ಹೇಳಬೇಕೆಂದು ಬಂದದ್ದು ಮುಖ್ಯವಾಗಿ ಇದನ್ನೇ.

ಮೊದಲು, ದಾರಿ ತಪ್ಪಿದ್ದು ಎಲ್ಲಿ? ಈ ಚಿತ್ರಗಳಿಗೆ ಉಚ್ಚಾರವಿಲ್ಲ, ಒಂದೊಂದೂ ಒಂದು ಗೂಢ ತತ್ತ್ವದ ಸಂಕೇತ ಎಂದು ಗ್ರೀಕರು ನಂಬಿದ್ದರು. ಐದನೆಯ ಶತಮಾನದ ಹೊರಾಪೊಲೊ ಎಂಬಾತನ ಹೆಸರಿನಲ್ಲಿ ಒಂದು ಪುಸ್ತಕವಿದೆ. ಬಾತಿನ ಚಿತ್ರ ಬರೆದರೆ ‘ಮಗ’ ಎಂದರ್ಥ, ಏಕೆಂದರೆ ಆ ಹಕ್ಕಿಗೆ ಮರಿಗಳ ಮೇಲೆ ಪ್ರಾಣ ಎನ್ನುತ್ತದೆ ಅದು. ಅರ್ಥ ಸರಿಯಾಗಿದೆ! ಕಾರಣ ಮಾತ್ರ ಕಟ್ಟುಕಥೆ. ಈಜಿಪ್ಟಿನ ಮಾತಿನಲ್ಲಿ ಆ ಬಾತಿನ ಹೆಸರಿಗೂ ಮಗನೆಂಬ ಪದಕ್ಕೂ ವ್ಯಂಜನಗಳು ಒಂದೇ. ಆದ್ದರಿಂದ ಹಕ್ಕಿ ಬರೆದು ಮಗ ಎಂದು ಓದುತ್ತಿದ್ದರು. ಉಚ್ಚಾರ ಮರೆತುಹೋದ ಮೇಲೆ ಅರ್ಥಕ್ಕೊಂದು ಕಥೆ ಹುಟ್ಟಿಕೊಂಡಿತು. ಹದಿನೇಳನೆಯ ಶತಮಾನದ ಜೆಸ್ಯೂಟ್ ಪಾದ್ರಿ ಅಥನೇಸಿಯಸ್ ಕಿರ್ಷರ್ ಇದನ್ನೇ ನಂಬಿ, ಬರೀ ರಾಜನ ಹೆಸರಿದ್ದ ಕಡೆ ಒಸಿರಿಸ್ ದೇವರ ಮಹಿಮೆಯನ್ನೆಲ್ಲ ಓದಿದ. ಇವನನ್ನು ಹಾಸ್ಯ ಮಾಡುವುದು ರೂಢಿ. ನನಗೆ ಇವನ ಮೇಲೆ ಗೌರವವಿದೆ. ಈಜಿಪ್ಟಿನ ಕ್ರೈಸ್ತರ ಕಾಪ್ಟಿಕ್ ಹಳೆಯ ಈಜಿಪ್ಟಿನ ಭಾಷೆಯೇ ಎಂದು ವಾದಿಸಿ, ಅದರ ವ್ಯಾಕರಣವನ್ನೂ ಪದಕೋಶವನ್ನೂ ಯುರೋಪಿಗೆ ತಂದುಕೊಟ್ಟವನು ಇವನೇ.

ಇನ್ನು ಕಲ್ಲಿಗೆ ಬರೋಣ. ನೆಪೋಲಿಯನ್ನನ ಸೈನಿಕರು ಯುರೋಪಿನವರು ರೊಸೆಟ್ಟಾ ಎನ್ನುತ್ತಿದ್ದ ರಶೀದ್ ಎಂಬ ಊರಿನ ಹತ್ತಿರ ಹಳೆಯ ಕೋಟೆಯೊಂದನ್ನು ಭದ್ರಪಡಿಸುವಾಗ ಸಿಕ್ಕಿದ್ದು ಅದು. ಬುಶಾರ್ ಎಂಬ ಅಧಿಕಾರಿ ಅದರ ಬೆಲೆಯನ್ನು ಕಂಡುಕೊಂಡ. ಫ್ರೆಂಚರು ಸೋತ ಮೇಲೆ ಕಲ್ಲು ಇಂಗ್ಲಿಷರ ಪಾಲಾಯಿತು. 1802ರಿಂದ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಮೇಲೆ ಚಿತ್ರಲಿಪಿ, ನಡುವೆ ಡೆಮೋಟಿಕ್ ಎಂಬ ಓಡುಬರಹ, ಕೆಳಗೆ ಗ್ರೀಕ್. ಕ್ರಿ.ಪೂ. 196ರಲ್ಲಿ ಗ್ರೀಕ್ ಮೂಲದ ರಾಜ ಐದನೆಯ ಟಾಲೆಮಿಯ ಗೌರವಾರ್ಥ ಪೂಜಾರಿಗಳು ಹೊರಡಿಸಿದ ಶಾಸನ: ತೆರಿಗೆ ಮಾಫಿ, ಗುಡಿಗಳಿಗೆ ದಾನ, ರಾಜನ ಹುಟ್ಟುಹಬ್ಬದ ಆಚರಣೆ. ಹುಟ್ಟುಹಬ್ಬವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. ಕಲ್ಲಿನ ತಲೆಭಾಗ ಒಡೆದು, ಚಿತ್ರಲಿಪಿಯ 14 ಸಾಲು ಮಾತ್ರ ಉಳಿದಿವೆ. ಒಂದೂ ಪೂರ್ತಿಯಿಲ್ಲ.

ಸ್ವೀಡನ್ನಿನ ಓಕರ್‌ಬ್ಲಾಡ್ 1802ರಲ್ಲೇ ಕಾಪ್ಟಿಕ್ ನೆರವಿನಿಂದ ಡೆಮೋಟಿಕ್ ಭಾಗದ ಹೆಸರುಗಳನ್ನು ಓದಿದ. ಇಂಗ್ಲೆಂಡಿನ ಥಾಮಸ್ ಯಂಗ್, ವೈದ್ಯ, ಬೆಳಕಿನ ಅಲೆಗಳ ಬಗ್ಗೆ ಪ್ರಯೋಗ ಮಾಡಿದ ಅದೇ ಯಂಗ್, ಚಿತ್ರಲಿಪಿಯಲ್ಲಿ ರಾಜರ ಹೆಸರನ್ನು ಸುತ್ತುವರಿಯುವ ಉದ್ದುರುಂಡೆ ಚೌಕಟ್ಟಿನೊಳಗಿದ್ದ ಟಾಲೆಮಿಯ ಹೆಸರನ್ನು ಬಿಡಿಸಿ ಕೆಲವು ಅಕ್ಷರಗಳನ್ನು ಸರಿಯಾಗಿ ಗುರುತಿಸಿದ. ಆದರೆ ವಿದೇಶಿ ಹೆಸರುಗಳಿಗೆ ಮಾತ್ರ ಹೀಗೆ ಉಚ್ಚಾರದ ಬರಹ ಬಳಸಿದ್ದಾರೆ, ಉಳಿದದ್ದೆಲ್ಲ ಸಂಕೇತ ಎಂಬಲ್ಲಿಗೆ ನಿಂತುಬಿಟ್ಟ.

ಆ ಗೆರೆಯನ್ನು ದಾಟಿದವನು ಝಾನ್ ಫ್ರಾಂಸ್ವಾ ಶಾಂಪೋಲಿಯನ್. ಹುಟ್ಟಿದ್ದು 1790ರಲ್ಲಿ, ಫ್ರಾನ್ಸಿನ ಫಿಜಾಕ್ ಎಂಬ ಪುಟ್ಟ ಊರಿನಲ್ಲಿ. ತಂದೆ ಪುಸ್ತಕದ ವ್ಯಾಪಾರಿ. ಸಾಕಿ ಓದಿಸಿದವನು ಅಣ್ಣ ಝಾಕ್ ಜೋಸೆಫ್. ಈ ಅಣ್ಣನಿಲ್ಲದೆ ತಮ್ಮನಿಲ್ಲ. ಹದಿನಾರರ ಹುಡುಗ ಪ್ಯಾರಿಸ್ಸಿಗೆ ಬಂದು, ಸೇಂಟ್ ರೋಶ್ ಚರ್ಚಿನಲ್ಲಿದ್ದ ಈಜಿಪ್ಟಿನ ಕಾಪ್ಟಿಕ್ ಪಾದ್ರಿಯೊಬ್ಬರ ಬಳಿ ಪಾಠಕ್ಕೆ ಕೂತ. ಈಜಿಪ್ಟಿನಲ್ಲಿ ಅಷ್ಟು ಹೊತ್ತಿಗೆ ಮನೆಮಾತು ಅರಬ್ಬಿಯಾಗಿತ್ತು. ಕಾಪ್ಟಿಕ್ ಉಳಿದಿದ್ದು ಪ್ರಾರ್ಥನೆಯಲ್ಲಿ, ಗ್ರೀಕ್ ಅಕ್ಷರಗಳಿಗೆ ಡೆಮೋಟಿಕ್ಕಿನಿಂದ ಬಂದ ಕೆಲವು ಅಕ್ಷರ ಸೇರಿಸಿ ಬರೆದ ಹಸ್ತಪ್ರತಿಗಳಲ್ಲಿ. ಫೇರೋಗಳ ಕಾಲದ ಮಾತು ಶತಮಾನಗಳ ಮೂಲಕ ಸವೆದು ಬಂದ ರೂಪ ಅದು. ಹುಡುಗ ಅದನ್ನು ಎಷ್ಟು ಹಚ್ಚಿಕೊಂಡನೆಂದರೆ, ಒಬ್ಬನೇ ಇದ್ದಾಗ ಕಾಪ್ಟಿಕ್ಕಿನಲ್ಲಿ ಮಾತಾಡಿಕೊಳ್ಳುತ್ತೇನೆಂದು ಅಣ್ಣನಿಗೆ ಕಾಗದ ಬರೆದ.

ಇಷ್ಟಿದ್ದೂ 1821ರಲ್ಲಿ ಅವನು ಅಚ್ಚು ಹಾಕಿಸಿದ ಪುಸ್ತಿಕೆಯಲ್ಲಿ ಹಳೆಯ ನಂಬಿಕೆಯೇ ಇದೆ: ಚಿತ್ರಗಳು ವಸ್ತುಗಳ ಗುರುತು, ಧ್ವನಿಯ ಗುರುತಲ್ಲ. ಆಮೇಲೆ ಕೂತು ಎಣಿಸಿದ. ರೊಸೆಟ್ಟಾ ಕಲ್ಲಿನ ಗ್ರೀಕಿನಲ್ಲಿ 486 ಪದ. ಒಡೆದು ಉಳಿದ ಚಿತ್ರಲಿಪಿಯಲ್ಲೇ 1,419 ಚಿಹ್ನೆ. ಒಂದು ಚಿತ್ರಕ್ಕೆ ಒಂದು ಪದವಾದರೆ ಈ ಲೆಕ್ಕ ಹೇಗೆ ಕೂಡುತ್ತದೆ?

1822ರ ಆರಂಭದಲ್ಲಿ ಇನ್ನೊಂದು ಹೆಸರು ಕೈಸೇರಿತು. ಅದೇ ಫಿಲೇ ನಡುಗಡ್ಡೆಯಿಂದ ಇಂಗ್ಲೆಂಡಿಗೆ ಸಾಗಿಸಿದ ಒಂದು ಶಿಲಾಸ್ತಂಭದ ಪೀಠದಲ್ಲಿ ಗ್ರೀಕ್ ಬರಹವಿತ್ತು, ಅದರಲ್ಲಿ ಕ್ಲಿಯೋಪಾತ್ರಳ ಹೆಸರಿತ್ತು. ಕಂಬದ ಮೇಲಿನ ಚೌಕಟ್ಟೊಂದರಲ್ಲಿ ಆ ಹೆಸರೇ ಇರಬೇಕು. ಗ್ರೀಕ್ ಕಾಗುಣಿತದಲ್ಲಿ ಅದಕ್ಕೆ ಒಂಬತ್ತು ಅಕ್ಷರ. ಟಾಲೆಮಿಯ ಹೆಸರಿನಲ್ಲಿ ‘ಲ’ ಆಗಿದ್ದ ಮಲಗಿದ ಸಿಂಹ ಇಲ್ಲಿ ಎರಡನೆಯ ಸ್ಥಾನದಲ್ಲಿದೆ. ‘ಒ’ ಆಗಿದ್ದ ಹಗ್ಗದ ಕುಣಿಕೆ ನಾಲ್ಕನೆಯದು. ‘ಪ’ ಆಗಿದ್ದ ಚೌಕ ಐದನೆಯದು. ಆರನೆಯ ಮತ್ತು ಒಂಬತ್ತನೆಯ ಕಡೆ ಒಂದೇ ಹಕ್ಕಿ, ‘ಅ’ ಬರಬೇಕಾದ ಕಡೆಯೇ. ಒಂದೇ ತೊಡಕು: ‘ತ’ ಬರಬೇಕಾದಲ್ಲಿ ಟಾಲೆಮಿಯ ಅರ್ಧವೃತ್ತದ ಬದಲು ಕೈಯ ಚಿತ್ರ. ಒಂದೇ ಧ್ವನಿಗೆ ಎರಡು ಚಿಹ್ನೆ ಇರಬಹುದೆಂದು ಶಾಂಪೋಲಿಯನ್ ನಿರ್ಧರಿಸಿದ. ಮುಂದೆ ಅಲೆಕ್ಸಾಂಡರ್, ರೋಮಿನ ಚಕ್ರವರ್ತಿಗಳು, ಒಬ್ಬೊಬ್ಬರಾಗಿ ಬಂದರು. ಇವರೆಲ್ಲ ಹೊರಗಿನವರು, ಯಂಗ್ ಕೂಡ ಇಲ್ಲಿಯವರೆಗೆ ಒಪ್ಪಬಹುದಿತ್ತು.

ಸೆಪ್ಟೆಂಬರ್ 14ರಂದು ವಾಸ್ತುಶಿಲ್ಪಿ ಯುವೋ ಕಳಿಸಿದ ಅಬು ಸಿಂಬೆಲ್ ಗುಡಿಯ ನಕಲುಗಳು ಬಂದವು. ಅದರಲ್ಲೊಂದು ಚೌಕಟ್ಟು: ಮೊದಲು ಸೂರ್ಯನ ಬಿಂಬ, ಆಮೇಲೊಂದು ಚಿಹ್ನೆ, ಕೊನೆಗೆ ಟಾಲೆಮಿಯ ಹೆಸರಿನಿಂದ ಗೊತ್ತಿದ್ದ ‘ಸ’ ಎರಡು ಸಲ. ಕಾಪ್ಟಿಕ್ಕಿನಲ್ಲಿ ಸೂರ್ಯನಿಗೆ ‘ರೇ’. ನಡುವಿನ ಚಿಹ್ನೆ ರೊಸೆಟ್ಟಾ ಕಲ್ಲಿನಲ್ಲಿ ರಾಜನ ಹುಟ್ಟುಹಬ್ಬದ ಮಾತು ಬರುವ ಕಡೆ ಇದೆ. ಕಾಪ್ಟಿಕ್ಕಿನಲ್ಲಿ ಹೆರುವುದಕ್ಕೆ ‘ಮಿಸೆ’. ರೇ, ಮಸ್, ಸ್, ಸ್. ರಾಮ್ಸೆಸ್! ಇನ್ನೊಂದು ಚೌಕಟ್ಟಿನಲ್ಲಿ ಸೂರ್ಯನ ಬದಲು ಥೋತ್ ದೇವರ ಐಬಿಸ್ ಹಕ್ಕಿ, ಆಮೇಲೆ ಅದೇ ಚಿಹ್ನೆ: ಥೋತ್‌ಮಸ್. ಇಬ್ಬರೂ ಅಲೆಕ್ಸಾಂಡರ್ ಬರುವುದಕ್ಕೆ ಒಂಬೈನೂರು, ಸಾವಿರ ವರ್ಷ ಹಿಂದಿನ ಸ್ವದೇಶಿ ರಾಜರು. ಅಣ್ಣನ ಕಚೇರಿಗೆ ಓಡಿ, ಸಿಕ್ಕಿತೆಂದು ಕೂಗಿ, ಕುಸಿದುಬಿದ್ದನೆಂದು ಮನೆಯವರು ಹೇಳಿಕೊಂಡು ಬಂದಿದ್ದಾರೆ. ಗ್ರೀಕ್ ಬಲ್ಲ ಯಾರಾದರೂ ಕ್ಲಿಯೋಪಾತ್ರಳವರೆಗೆ ಬರಬಹುದಿತ್ತು. ರಾಮ್ಸೆಸ್‌ನನ್ನು ಓದಲು ಸೂರ್ಯನಿಗೆ ಈಜಿಪ್ಟಿನವರು ಏನೆನ್ನುತ್ತಿದ್ದರೆಂದು ಗೊತ್ತಿರಬೇಕಿತ್ತು.

ಸೆಪ್ಟೆಂಬರ್ 27ರಂದು ಪ್ಯಾರಿಸ್ಸಿನ ಶಾಸನ ಅಕಾಡೆಮಿಯಲ್ಲಿ, ಯಂಗ್ ಕೂಡ ಕೂತಿದ್ದ ಸಭೆಯಲ್ಲಿ, ಶಾಂಪೋಲಿಯನ್ ತನ್ನ ಪ್ರಬಂಧ ಓದಿದ. ಪೂರ್ಣ ವಿವರ ಬಂದದ್ದು 1824ರ ಪುಸ್ತಕದಲ್ಲಿ. ಇಂದು ನಮಗೆ ಗೊತ್ತಿರುವಂತೆ ಈ ಲಿಪಿ ಕಲಬೆರಕೆಯದು: ಕೆಲವು ಚಿಹ್ನೆ ಒಂದು, ಎರಡು, ಮೂರು ವ್ಯಂಜನಗಳನ್ನು ಸೂಚಿಸುತ್ತವೆ, ಕೆಲವು ಇಡೀ ಪದವನ್ನೇ. ವಿದೇಶಿ ಹೆಸರುಗಳಲ್ಲಿ ಬಿಟ್ಟರೆ ಸ್ವರಗಳನ್ನು ಬರೆಯುವುದಿಲ್ಲ. ಜೊತೆಗೆ ಉಚ್ಚರಿಸದ ಸೂಚಕ ಚಿತ್ರಗಳುಂಟು. ‘ಹರಿ’ ಎಂದು ಬರೆದಿದ್ದೇವೆ ಎನ್ನಿ. ನೀರು ಹರಿಯುವುದೋ, ಬಟ್ಟೆ ಹರಿಯುವುದೋ, ವೈಕುಂಠದ ಹರಿಯೋ? ಈಜಿಪ್ಟಿನವನಾದರೆ ಪದದ ಕೊನೆಗೆ ನೀರಿನ ಅಲೆಯನ್ನೋ ಕೂತ ದೇವರನ್ನೋ ಬರೆದು ಸಂದೇಹ ತೀರಿಸುತ್ತಿದ್ದ.

ಯಂಗನ ಋಣವನ್ನು ಶಾಂಪೋಲಿಯನ್ ಇನ್ನಷ್ಟು ಧಾರಾಳವಾಗಿ ಒಪ್ಪಿಕೊಳ್ಳಬೇಕಿತ್ತು. ಆದರೂ ಲಿಪಿಯನ್ನು ಓದಿದವನು ಶಾಂಪೋಲಿಯನ್ನೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅವನ ಕೈಯಲ್ಲಿ ಕಾಪ್ಟಿಕ್ ಇಲ್ಲದಿದ್ದರೆ ಏನಾಗುತ್ತಿತ್ತೆಂದು ತಿಳಿಯಲು ಇಟಲಿಯ ಎಟ್ರಸ್ಕನ್ ಶಾಸನಗಳನ್ನು ನೋಡಿ: ಗ್ರೀಕ್ ಮೂಲದ ಅಕ್ಷರವಾದ್ದರಿಂದ ಗಟ್ಟಿಯಾಗಿ ಓದಬಹುದು, ಅರ್ಥ ಎಷ್ಟೋ ಕಡೆ ದಕ್ಕುವುದಿಲ್ಲ, ಏಕೆಂದರೆ ಆ ಭಾಷೆಯ ಸಂತತಿ ಎಲ್ಲೂ ಉಳಿದಿಲ್ಲ. ಕಾಪ್ಟಿಕ್ ಮಠಗಳಲ್ಲಿ ಪ್ರಾರ್ಥನೆ ನಿಂತುಹೋಗಿದ್ದರೆ ಈಜಿಪ್ಟಿನ ಗತಿಯೂ ಬಹುಮಟ್ಟಿಗೆ ಹಾಗೇ ಆಗುತ್ತಿತ್ತು.

1828ರಲ್ಲಿ ಶಾಂಪೋಲಿಯನ್ ಕೊನೆಗೂ ಈಜಿಪ್ಟಿಗೆ ಹೋದ. 1829ರ ಹೊಸವರ್ಷದ ದಿನ, ನೈಲ್ ನದಿಯ ಎರಡನೆಯ ಜಲಪಾತದ ಬಳಿಯ ವಾದಿ ಹಲ್ಫಾದಿಂದ, ತಾನು ಕಂಡುಕೊಂಡ ವರ್ಣಮಾಲೆಯಲ್ಲಿ ಏನನ್ನೂ ತಿದ್ದಬೇಕಾಗಿಲ್ಲವೆಂದು ಪ್ಯಾರಿಸ್ಸಿಗೆ ಬರೆದ. 1832ರ ಮಾರ್ಚ್ 4ರಂದು, 41ನೇ ವಯಸ್ಸಿಗೇ ತೀರಿಕೊಂಡ. ಅವನ ವ್ಯಾಕರಣವನ್ನು 1836ರಿಂದ ಅಚ್ಚು ಹಾಕಿಸಿದವನು ಅದೇ ಅಣ್ಣ. ಸಂಶಯ ಪಡುವವರು ಇನ್ನೂ ಇದ್ದರು. 1866ರಲ್ಲಿ ಜರ್ಮನಿಯ ಲೆಪ್ಸಿಯಸ್‌ಗೆ ಟಾನಿಸ್ ಎಂಬ ಊರಿನಲ್ಲಿ ಇನ್ನೊಂದು ಶಾಸನ ಸಿಕ್ಕಿತು. ಕ್ರಿ.ಪೂ. 238ರದು, ಮತ್ತೆ ಅದೇ ಮೂರು ಬರಹ, ಈ ಸಲ ಚಿತ್ರಲಿಪಿಯ ಭಾಗ ಒಡೆಯದೆ ಉಳಿದಿತ್ತು. ಶಾಂಪೋಲಿಯನ್ ಹಾಕಿಕೊಟ್ಟ ದಾರಿಯಲ್ಲಿ ಓದಿದರು. ಗ್ರೀಕ್ ಪಾಠಕ್ಕೆ ತಾಳೆಯಾಯಿತು.