ನಕ್ಷೆಗೂ ಕನ್ನಡ ಕಲಿಸಿ, ಬಸ್ಸು ಹತ್ತಿ

(ಬೆಂಗಳೂರಿನ ಯುವಕ ಯುವತಿಯರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ)



ನಿಮ್ಮ ಕೈಯಲ್ಲಿರುವ ಫೋನಿನಲ್ಲಿ ಇಡೀ ಊರಿನ ನಕ್ಷೆ ಇದೆ. ಅದನ್ನು ಯಾವುದಕ್ಕೆ ಬಳಸುತ್ತೀರಿ? ಬೈಕಿಗೆ ದಾರಿ ನೋಡಲು, ಬಿರಿಯಾನಿ ಹೋಟೆಲು ಹುಡುಕಲು, ಕರೆದ ಆಟೋ ಎಲ್ಲಿ ತಿರುಗಿತು ಎಂದು ಇಣುಕಲು. ಅದೇ ನಕ್ಷೆಯಲ್ಲಿ ಬಸ್ಸು, ಮೆಟ್ರೋ ದಾರಿ ನೋಡುವವರು ನಿಮ್ಮಲ್ಲಿ ಎಷ್ಟು ಜನ? ಅದನ್ನೂ ಕನ್ನಡದಲ್ಲಿ ನೋಡುವವರು ಎಷ್ಟು ಜನ? ಯಾರೂ ನಿಮ್ಮನ್ನು ಕೂರಿಸಿಕೊಂಡು ಹೇಳಿಕೊಟ್ಟಿಲ್ಲ. ಇವತ್ತು ಅದನ್ನೇ ಹೇಳುತ್ತೇನೆ.

ಸರ್ಕಾರಿ ಕೆಲಸದ ಪರೀಕ್ಷೆಯ ಮಾತಿನಿಂದಲೇ ಶುರು ಮಾಡೋಣ, ನಿಮ್ಮಲ್ಲಿ ಅನೇಕರು ಅದಕ್ಕೇ ಓದುತ್ತಿದ್ದೀರಿ. ಇಂಥ ಪರೀಕ್ಷೆಗಳು ಹೆಚ್ಚಾಗಿ ಭಾನುವಾರವೇ ಬೀಳುತ್ತವೆ. ನೀವಿರುವುದು ನಾಗಸಂದ್ರದಲ್ಲಿ, ಹಾಲ್ ಟಿಕೆಟ್ಟಿನಲ್ಲಿ ಬಂದಿರುವುದು ಎಲೆಕ್ಟ್ರಾನಿಕ್ ಸಿಟಿಯ ಯಾವುದೋ ಕಾಲೇಜು. ಊರಿನ ಈ ತುದಿಯಿಂದ ಆ ತುದಿ! ಹೊತ್ತಿಗೆ ಸರಿಯಾಗಿ ಗೇಟು ಮುಚ್ಚುತ್ತಾರೆ. ಹತ್ತು ನಿಮಿಷ ತಡವಾದರೆ ಎರಡು ವರ್ಷದ ಓದು ಗೇಟಿನ ಹೊರಗೆ ನಿಲ್ಲುತ್ತದೆ. ಟ್ಯಾಕ್ಸಿ ಮಾಡಿಕೊಂಡು ಹೋಗಿ ಎನ್ನುವವರು ಹೇಳಲಿ ಬಿಡಿ, ಅವರ ಜೇಬು ಅವರದು.

ಶನಿವಾರ ಸಂಜೆಯೇ ಗೂಗಲ್ ನಕ್ಷೆ ತೆರೆಯಿರಿ. ಹೊರಡುವ ಜಾಗ, ಸೇರುವ ಜಾಗ ಕೊಡಿ. ಕಾರು, ಬೈಕಿನ ಚಿತ್ರದ ಪಕ್ಕದಲ್ಲಿ ರೈಲಿನ ಚಿತ್ರ ಇರುತ್ತದೆ, ಅದನ್ನು ಒತ್ತಿ. ಎಚ್ಚರ! ಆಗ ತೆರೆಯ ಮೇಲೆ ಬರುವುದು ಶನಿವಾರ ಸಂಜೆಯ ದಾರಿ, ಏಕೆಂದರೆ ನೀವು ನೋಡುತ್ತಿರುವುದು ಶನಿವಾರ ಸಂಜೆ. ಈಗಲೇ ಹೊರಡುವುದು ಎಂದು ಬರೆದಿರುವ ಕಡೆ ಒತ್ತಿದರೆ ಮೂರು ಆಯ್ಕೆ ಸಿಗುತ್ತವೆ: ಇಷ್ಟು ಹೊತ್ತಿಗೆ ಹೊರಡಬೇಕು, ಇಷ್ಟು ಹೊತ್ತಿಗೆ ತಲುಪಬೇಕು, ಕೊನೆಯ ಗಾಡಿ ಯಾವುದು. ನಿಮಗೆ ಬೇಕಾದ್ದು ಎರಡನೆಯದು. ಭಾನುವಾರದ ದಿನಾಂಕ ಕೊಟ್ಟು, ಗೇಟು ಮುಚ್ಚುವುದಕ್ಕೆ ಒಂದು ಗಂಟೆ ಮುಂಚಿನ ಹೊತ್ತು ಕೊಡಿ. ನಕ್ಷೆ ಹಿಂದಿನಿಂದ ಲೆಕ್ಕ ಹಾಕಿಕೊಂಡು ಬಂದು, ಮನೆ ಎಷ್ಟು ಹೊತ್ತಿಗೆ ಬಿಡಬೇಕು ಎಂದು ಹೇಳುತ್ತದೆ. ಭಾನುವಾರ ಬೆಳಗಿನ ಮೊದಲ ಮೆಟ್ರೋ ವಾರದ ದಿನಗಳಷ್ಟು ಬೇಗ ಹೊರಡುವುದಿಲ್ಲ. ಇದು ಗೊತ್ತಿಲ್ಲದೆ ಮುಚ್ಚಿದ ನಿಲ್ದಾಣದ ಮೆಟ್ಟಿಲ ಮೇಲೆ ಕೂತ ಪರೀಕ್ಷಾರ್ಥಿಗಳು ಒಬ್ಬಿಬ್ಬರಲ್ಲ.

ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗಬೇಕಾದ ತಂಗಿಯರು ಮೂರನೆಯ ಆಯ್ಕೆಯನ್ನು ನೆನಪಿಟ್ಟುಕೊಳ್ಳಿ. ಕೊನೆಯ ಗಾಡಿ ಯಾವಾಗ ಎಂದು ಕೆಲಸಕ್ಕೆ ಹೋಗುವ ಮುಂಚೆಯೇ ಗೊತ್ತಿದ್ದರೆ ಮೇಲ್ವಿಚಾರಕನ ಹತ್ತಿರ ಧೈರ್ಯವಾಗಿ ಮಾತಾಡಬಹುದು. ದಾರಿ ಸಿಕ್ಕ ಮೇಲೆ ಅದರ ಚಿತ್ರ ಹಿಡಿದಿಟ್ಟುಕೊಳ್ಳಿ. ಇಂಟರ್ನೆಟ್ ಹೋದರೆ, ಮೊದಲೇ ಇಳಿಸಿಟ್ಟುಕೊಂಡ ಗೂಗಲ್ ನಕ್ಷೆಯೂ ಬಸ್ಸಿನ ದಾರಿ ಹೇಳುವುದಿಲ್ಲ.

ಇಷ್ಟೆಲ್ಲ ಅದಕ್ಕೆ ಹೇಗೆ ಗೊತ್ತು? ಮಾಯ ಮಂತ್ರ ಏನೂ ಇಲ್ಲ ಸ್ವಾಮಿ. ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ಎಂಬ ಊರಿನಲ್ಲಿ ಟ್ರೈಮೆಟ್ ಎಂಬ ಸಾರಿಗೆ ಸಂಸ್ಥೆ ಇದೆ. ಕಾರಿನವರಿಗೆ ದಾರಿ ಸಿಗುವಷ್ಟೇ ಸಲೀಸಾಗಿ ಬಸ್ಸಿನವರಿಗೂ ಸಿಗಬೇಕು ಎಂದು ಅಲ್ಲಿ ಕೆಲಸದಲ್ಲಿದ್ದ ಬಿಬಿಯಾನಾ ಮೆಕ್‌ಹ್ಯೂ ಎಂಬ ಮಹಿಳೆ ಪಟ್ಟು ಹಿಡಿದರು. ಸಂಸ್ಥೆ ತನ್ನ ವೇಳಾಪಟ್ಟಿಯನ್ನು ಗೂಗಲ್ಲಿಗೆ ಕೊಟ್ಟಿತು. 2005ರ ಡಿಸೆಂಬರಿನಲ್ಲಿ ಆ ಒಂದೇ ಊರಿನಿಂದ ಇದು ಶುರುವಾಯಿತು. ಆಗ ಗೊತ್ತುಪಡಿಸಿದ ಮಾದರಿಯೇ ಜಿಟಿಎಫ್‌ಎಸ್ ಎಂಬ ಹೆಸರಿನಲ್ಲಿ ಇವತ್ತು ಲೋಕದ ತುಂಬ ನಡೆಯುತ್ತಿದೆ. ಅದರಲ್ಲಿರುವುದು ಸಾದಾ ಅಕ್ಷರದ ಕೆಲವು ಕಡತಗಳು. ಒಂದರಲ್ಲಿ ನಿಲ್ದಾಣಗಳ ಹೆಸರು, ಅವು ಭೂಮಿಯ ಮೇಲೆ ಎಲ್ಲಿವೆ ಎಂಬ ಅಂಕಿ. ಇನ್ನೊಂದರಲ್ಲಿ ಮಾರ್ಗಗಳು. ಮತ್ತೊಂದರಲ್ಲಿ ಯಾವ ಗಾಡಿ ಯಾವ ನಿಲ್ದಾಣಕ್ಕೆ ಎಷ್ಟು ಹೊತ್ತಿಗೆ ಎಂಬುದು. ಬೇರೊಂದರಲ್ಲಿ ಅದು ವಾರದ ಯಾವ ಯಾವ ದಿನ ಓಡುತ್ತದೆ ಎಂಬುದು. ಕಂಪ್ಯೂಟರ್ ಇವನ್ನೆಲ್ಲ ಹೆಣೆದು ದಾರಿ ಹುಡುಕುತ್ತದೆ. ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುವ ಗುಮಾಸ್ತರು ಮಾಡುವುದೂ ಇದನ್ನೇ. ಇದಕ್ಕೆ ನಿದ್ದೆ ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ದೂರ ನೋಡಿದರೆ ಸಾಲದು, ಗಾಡಿಯ ಹೊತ್ತನ್ನೂ ನೋಡಬೇಕು ಎನ್ನುವುದಕ್ಕೆ ನಮ್ಮೂರಿನದೇ ಉದಾಹರಣೆ ಇದೆ. ನಾಗಸಂದ್ರದಿಂದ ಹಸಿರು ಮಾರ್ಗದಲ್ಲಿ ಬಂದು ಆರ್.ವಿ. ರಸ್ತೆಯಲ್ಲಿ ಇಳಿದು ಹಳದಿ ಮಾರ್ಗ ಹತ್ತಿದರೆ ಎಲೆಕ್ಟ್ರಾನಿಕ್ ಸಿಟಿ. ಒಂದೇ ಬದಲಾವಣೆ. ಆದರೆ ಬೊಮ್ಮಸಂದ್ರದವರೆಗಿನ ಆ ಹಳದಿ ಮಾರ್ಗ 10 ಆಗಸ್ಟ್ 2025ರಂದು ಶುರುವಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಹಸಿರು ರೈಲು ಒಂದು ನಿಮಿಷ ತಡವಾಗಿ ಬಂದರೆ ಮುಂದಿನದಕ್ಕೆ ಕಾಲು ಗಂಟೆಗೂ ಮಿಕ್ಕಿ ಕಾಯಬೇಕಿತ್ತು. ಇಂಥ ಕಡೆ ಮನೆಯಿಂದ ಐದು ನಿಮಿಷ ಮೊದಲು ಹೊರಟವರು 25 ನಿಮಿಷ ಮೊದಲು ತಲುಪಬಹುದು.

ಈಗ ಅನುಮಾನದ ಮಾತು. ವೇಳಾಪಟ್ಟಿಗೆ ರಸ್ತೆ ಗೊತ್ತಿಲ್ಲ. ಸಿಲ್ಕ್ ಬೋರ್ಡಿನ ಸಂಜೆ ಗೊತ್ತಿಲ್ಲ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನದ ಕೆ.ಆರ್. ಮಾರುಕಟ್ಟೆ ಗೊತ್ತಿಲ್ಲ, ಕಡಲೆಕಾಯಿ ಪರಿಷೆಯ ಬಸವನಗುಡಿ ಗೊತ್ತಿಲ್ಲ. ಬಸ್ಸಿನ ಹೊತ್ತಿನ ಪಕ್ಕದಲ್ಲಿ ರೇಡಿಯೋ ಅಲೆಯಂಥ ಪುಟ್ಟ ಗುರುತಿದ್ದರೆ ಅದು ಓಡುತ್ತಿರುವ ಗಾಡಿಯಿಂದ ಬಂದ ಸುದ್ದಿ. ಗುರುತಿಲ್ಲದಿದ್ದರೆ ಕಾಗದದ ಮೇಲಿನ ಹೊತ್ತು ಎಂದು ತಿಳಿಯಿರಿ. ಬಸ್ಸು ನಿಜವಾಗಿ ಎಲ್ಲಿದೆ ಎಂದು ನೋಡಲು ಬಿಎಂಟಿಸಿ 2023ರಲ್ಲಿ ಹೊರತಂದ ನಮ್ಮ ಬಿಎಂಟಿಸಿ ಆ್ಯಪ್ ಇದೆ. ಹಿಂದಿನ ದಿನ ದಾರಿ ಗೊತ್ತುಮಾಡಿಕೊಳ್ಳಲು ನಕ್ಷೆ, ನಿಲ್ದಾಣದಲ್ಲಿ ನಿಂತಾಗ ಈ ಆ್ಯಪ್. ಎರಡೂ ಕೈಕೊಟ್ಟರೆ ಕಂಡಕ್ಟರ್ ಇದ್ದಾರೆ, ಪಕ್ಕದಲ್ಲಿ ನಿಂತ ಅಜ್ಜಿ ಇದ್ದಾರೆ. ಕೇಳಿ, ನಾಚಿಕೆ ಯಾಕೆ?

ಸಂಖ್ಯೆ ಒಂದನ್ನೇ ನಂಬಿ ಹತ್ತಬೇಡಿ. 500-ಡಿ ಹೆಬ್ಬಾಳಕ್ಕೂ ಹೋಗುತ್ತದೆ, ಸಿಲ್ಕ್ ಬೋರ್ಡಿಗೂ ಹೋಗುತ್ತದೆ. ನೀವು ಹೊರವರ್ತುಲ ರಸ್ತೆಯ ಯಾವ ಬದಿಯಲ್ಲಿ ನಿಂತಿದ್ದೀರಿ ಎಂಬುದರ ಮೇಲೆ ನಿಮ್ಮ ಹಣೆಬರಹ. ಎರಡು ಬದಿಯ ನಿಲ್ದಾಣಕ್ಕೂ ಹೆಸರು ಒಂದೇ. ನಕ್ಷೆಯನ್ನು ಬೆರಳಲ್ಲಿ ಹಿಗ್ಗಿಸಿ, ನಡೆಯುವ ಚುಕ್ಕಿ ಗೆರೆ ರಸ್ತೆ ದಾಟುತ್ತದೆಯೋ ಇಲ್ಲವೋ ನೋಡಿ. ಸಂಖ್ಯೆಯ ಜೊತೆಗಿನ ಅಕ್ಷರವನ್ನೂ ಬಿಡಬೇಡಿ. ಮೆಜೆಸ್ಟಿಕ್‌ನಿಂದ ಕಾಡುಗೋಡಿಗೆ ಹೋಗುವುದು 335-ಇ, ಬರೀ 335 ಎಂದರೆ ಆಗದು. ಸಂಖ್ಯೆಯ ಆರಂಭದಲ್ಲಿ ವಿ ಇದ್ದರೆ ಅದು ತಂಪು ಗಾಡಿ ವಜ್ರ. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಅದರಲ್ಲಿ ನಡೆಯುವುದಿಲ್ಲ, ಹೆಣ್ಣುಮಕ್ಕಳು ಗಮನಿಸಿ.

ಹೆಸರುಗಳ ವಿಷಯಕ್ಕೆ ಬರೋಣ, ನಾನು ಮುಖ್ಯವಾಗಿ ಹೇಳಬೇಕಾದ್ದು ಇಲ್ಲೇ ಇದೆ. ಸರ್ ಎಂ. ವಿಶ್ವೇಶ್ವರಯ್ಯ ಎಂಬ ಹೆಸರಿನ ಮೆಟ್ರೋ ನಿಲ್ದಾಣ ಇರುವುದು ಸೆಂಟ್ರಲ್ ಕಾಲೇಜಿನ ಹತ್ತಿರ. ಅದೇ ಮಹನೀಯರ ಹೆಸರಿನ ರೈಲ್ವೆ ಟರ್ಮಿನಲ್ 2022ರಲ್ಲಿ ಶುರುವಾದದ್ದು ಬೈಯಪ್ಪನಹಳ್ಳಿಯಲ್ಲಿ. ಮೊದಲನೆಯ ಕಡೆ ಇಳಿದರೆ ಎರಡನೆಯ ಕಡೆಯ ರೈಲು ತಪ್ಪಿದಂತೆಯೇ! ಕೆಂಪೇಗೌಡರ ಹೆಸರಿನಲ್ಲಿ ಬಸ್ ನಿಲ್ದಾಣ, ಮೆಟ್ರೋ ನಿಲ್ದಾಣ, ವಿಮಾನ ನಿಲ್ದಾಣ ಮೂರೂ ಇವೆ. ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿರುವ ವಿಳಾಸ ಓದಿಯೇ ಆರಿಸಿಕೊಳ್ಳಿ.

ನಕ್ಷೆಯ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಳ್ಳಲು ಒಂದು ನಿಮಿಷ ಸಾಕು. ಮೂಲೆಯಲ್ಲಿರುವ ನಿಮ್ಮ ಚಿತ್ರ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, ಆ್ಯಪಿನ ಭಾಷೆ ಎಂಬಲ್ಲಿ ಕನ್ನಡ ಆರಿಸಿ. ಇದು ಯಾರಿಗೆ ಬೇಕು ಎನ್ನಬೇಡಿ. ನಿಮ್ಮ ಅಮ್ಮನಿಗೆ ಬೇಕು. ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುವ ಅಕ್ಕನಿಗೆ ಬೇಕು. ಅವರು ಓದು ಬರದವರಲ್ಲ, ಕನ್ನಡ ಪತ್ರಿಕೆ ಸರಾಗವಾಗಿ ಓದುತ್ತಾರೆ. ಇಂಗ್ಲಿಷ್ ಅಕ್ಷರ ನೋಡಿ ಫೋನನ್ನು ನಿಮ್ಮ ಕೈಗೆ ಕೊಡುತ್ತಾರೆ. ಮೈಕಿನ ಗುರುತು ಒತ್ತಿ ಕನ್ನಡದಲ್ಲಿ ಊರ ಹೆಸರು ಹೇಳಿದರೆ ಅದೇ ಬರೆದುಕೊಳ್ಳುತ್ತದೆ ಎಂದು ಅವರಿಗೆ ಇವತ್ತು ಸಂಜೆಯೇ ತೋರಿಸಿ.

ಆದರೆ ಕನ್ನಡ ಬಂದ ಮೇಲೆ ಬಂದದ್ದು ಯಾವ ಕನ್ನಡ ಎಂದೂ ನೋಡಬೇಕು. 2021ರ ಜನವರಿಯಲ್ಲಿ ಗೂಗಲ್ ಕನ್ನಡವೂ ಸೇರಿ ಹತ್ತು ಭಾರತೀಯ ಭಾಷೆಗಳಲ್ಲಿ, ಇಂಗ್ಲಿಷಿನಲ್ಲಿರುವ ಸ್ಥಳಗಳ ಹೆಸರನ್ನು ಯಂತ್ರದಿಂದಲೇ ಲಿಪಿ ಬದಲಿಸಿ ತೋರಿಸುವುದಾಗಿ ಹೇಳಿತು. ಒಳ್ಳೆಯದೇ. ಆದರೆ ಇಂಗ್ಲಿಷಿನಲ್ಲಿ ಲ, ಳ ಎರಡಕ್ಕೂ ಒಂದೇ ಅಕ್ಷರ. ನ, ಣ ಎರಡಕ್ಕೂ ಒಂದೇ. ಹ್ರಸ್ವ, ದೀರ್ಘದ ಗೊಡವೆಯೇ ಇಲ್ಲ. ನಮ್ಮ ಪಾಳ್ಯವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಮತ್ತೆ ಕನ್ನಡಕ್ಕೆ ತಂದರೆ ಅದು ಪಲ್ಯವೂ ಆಗಬಹುದು! ನಗಬೇಡಿ, ಕೆರೆ, ಕೇರಿ ಅದಲು ಬದಲಾದರೆ ಹುಡುಕುವ ಮುದುಕರಿಗೆ ನಿಲ್ದಾಣವೇ ಸಿಗುವುದಿಲ್ಲ. ಸರಿಯಾದ ಕನ್ನಡ ಹೆಸರು ನಿಲ್ದಾಣದ ಬೋರ್ಡಿನ ಮೇಲೆ ಇದ್ದೇ ಇರುತ್ತದೆ. ನಾನು ಹೇಳಿದ ಆ ಕಡತಗಳಲ್ಲಿ ಬೇರೆ ಭಾಷೆಯ ಹೆಸರುಗಳಿಗೆಂದೇ ಒಂದು ಕಡತಕ್ಕೆ ಜಾಗವಿದೆ. ಸಾರಿಗೆ ಸಂಸ್ಥೆ ತನ್ನ ಬೋರ್ಡಿನಲ್ಲಿರುವ ಹೆಸರನ್ನೇ ಅದರಲ್ಲಿ ಕೊಟ್ಟರೆ ಯಂತ್ರ ಊಹೆ ಮಾಡುವ ಪ್ರಮೇಯವೇ ಬರುವುದಿಲ್ಲ. ಕೊಚ್ಚಿ ಮೆಟ್ರೋ 2018ರಲ್ಲಿ ತನ್ನ ವೇಳಾಪಟ್ಟಿಯನ್ನು ಯಾರು ಬೇಕಾದರೂ ಬಳಸುವಂತೆ ತೆರೆದಿಟ್ಟಿತು. ಹಾಗೆ ತೆರೆದಿಟ್ಟರೆ ಕನ್ನಡದ ಹುಡುಗರೇ ಕನ್ನಡದ ಆ್ಯಪ್ ಕಟ್ಟುತ್ತಾರೆ. ಈ ಬೇಡಿಕೆಯನ್ನು ಅರ್ಜಿಯಲ್ಲಿ ಬರೆಯಿರಿ, ಕನ್ನಡದಲ್ಲೇ ಬರೆಯಿರಿ.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. ಗೂಗಲ್ ನಕ್ಷೆಯಲ್ಲಿ ತಪ್ಪಾದ ಹೆಸರಿಗೆ ತಿದ್ದುಪಡಿ ಸೂಚಿಸಬಹುದು, ಒಪ್ಪುವುದು ಬಿಡುವುದು ಅವರ ಕೈಯಲ್ಲಿ. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಇನ್ನೊಂದು ನಕ್ಷೆ ಇದೆ. ಅದನ್ನು ಜನರೇ ಬರೆಯುತ್ತಾರೆ, ನೀವೂ ಬರೆಯಬಹುದು. ಅಲ್ಲಿ ಪ್ರತಿ ನಿಲ್ದಾಣಕ್ಕೂ ಕನ್ನಡ ಹೆಸರಿಗೆ ಪ್ರತ್ಯೇಕ ಕೋಣೆ ಇದೆ. ಖಾಲಿ ಇದ್ದರೆ ತುಂಬಬೇಕಾದವರು ನಾವೇ. ಖಾತೆ ತೆರೆದುಕೊಳ್ಳಿ, ನಿಮ್ಮ ಬೀದಿಯ ನಿಲ್ದಾಣದಿಂದ ಶುರು ಮಾಡಿ. ಬೇರೆ ನಕ್ಷೆ ನೋಡಿ ನಕಲು ಮಾಡುವಂತಿಲ್ಲ, ಅದು ಅಲ್ಲಿನ ಕಟ್ಟುನಿಟ್ಟಿನ ನಿಯಮ. ನಿಲ್ದಾಣದ ಮುಂದೆ ಹೋಗಿ ನಿಂತು, ಬೋರ್ಡಿನಲ್ಲಿರುವ ಹೆಸರನ್ನು ಒತ್ತು ದೀರ್ಘ ಸಮೇತ ಬರೆದುಕೊಂಡು ಬನ್ನಿ. ಹಾಗೆಯೇ ರಸ್ತೆ ದಾಟಿ ಎದುರು ಬದಿಯ ನಿಲ್ದಾಣವನ್ನೂ ನೋಡಿಕೊಂಡು ಬನ್ನಿ.